ಬಟ್ಟೆಮನೆಯ ಒಂಬತ್ತನೇ ಮೆಟ್ಟಿಲು

೧

ಈ ಕಥೆಯನ್ನು ಪ್ರಶಸ್ತಿಯಿಂದ ಶುರು ಮಾಡಬೇಕೋ ಮೆಟ್ಟಿಲಿನಿಂದಲೋ? ಪ್ರಶಸ್ತಿಯಿಂದ ಶುರು ಮಾಡಿದರೆ ಗೆದ್ದವರು ಯಾರು ಎಂದು ನೀವು ಕೇಳುತ್ತೀರಿ. ಮೆಟ್ಟಿಲಿನಿಂದ ಶುರು ಮಾಡಿದರೆ ಎಷ್ಟು ಎಂದು ಕೇಳುತ್ತೀರಿ. ಎರಡನೆಯದಕ್ಕೆ ನನ್ನ ಹತ್ತಿರ ಉತ್ತರವಿದೆ.

ಒಂಬತ್ತು.

(ನಕ್ಷೆಯಲ್ಲಿ ಎಂಟು. ಇಷ್ಟೇ ಕಥೆ. ನಿಮ್ಮ ಬಸ್ಸು ಬಂದಿದ್ದರೆ ಹೊರಡಬಹುದು.)

೨

ಬಸ್ಸು ಬಾರದವರಿಗೆ ಉಳಿದದ್ದು.

ತಿ. ನರಸೀಪುರದಲ್ಲಿ ಹೊಳೆಗಳು ಕೂಡುವ ಕಡೆ ಒಂದು ಸಣ್ಣ ಕಟ್ಟಡ ಇದೆ ಎಂದುಕೊಳ್ಳಿ. ಹೊಳೆಯಲ್ಲಿ ಮುಳುಗಿ ಎದ್ದ ಹೆಂಗಸರು ಒದ್ದೆ ಬಟ್ಟೆ ಬದಲಾಯಿಸುವ ಜಾಗ. ಕಾಗದಪತ್ರಗಳಲ್ಲಿ ಅದಕ್ಕೆ ಮಹಿಳಾ ವಸ್ತ್ರ ಬದಲಾವಣಾ ಕೊಠಡಿ ಎಂಬ ಹೆಸರಿದೆ. ಊರಿನವರು ಬಟ್ಟೆಮನೆ ಎನ್ನುತ್ತಾರೆ. ಇಟ್ಟಿಗೆಯ ಜಾಲಿಗೋಡೆ. ಬೆಳಕು ಒಳಗೆ ಬರುತ್ತದೆ, ಕಣ್ಣುಗಳು ಬರುವುದಿಲ್ಲ. ಹೊಳೆ ಏರಿದರೂ ನೀರು ನುಗ್ಗದಿರಲಿ ಎಂದು ನೆಲವನ್ನು ನಾಲ್ಕಡಿ ಎತ್ತರಿಸಿದ್ದಾರೆ. ಅಲ್ಲಿಗೆ ಹತ್ತಲು ಮೆಟ್ಟಿಲು.

ಅದನ್ನು ಕಲ್ಪಿಸಿದವರು ರಘೂತ್ತಮ ಮತ್ತು ಸುಚೇತಾ. ಗಂಡ, ಹೆಂಡತಿ, ಇಬ್ಬರೂ ಆರ್ಕಿಟೆಕ್ಟ್. ನಂಜನಗೂಡಿನಲ್ಲಿ ಸಿಮೆಂಟ್ ಅಂಗಡಿಯೊಂದರ ಮೇಲೆ ಒಂದು ಕೋಣೆ, ಅದೇ ಅವರ ಆಫೀಸು. ರಘು ಕಟ್ಟಡವನ್ನು ಕಾಣುತ್ತಿದ್ದ. ಅದು ನಿಲ್ಲುತ್ತದೆಯೇ ಎಂದು ಸುಚೇತಾ ನೋಡುತ್ತಿದ್ದಳು. ಬಟ್ಟೆಮನೆಯ ಬಾಗಿಲು ತೆರೆದು ಆರು ವಾರಕ್ಕೆ ರಘು ತೀರಿಕೊಂಡ.

ಹೇಗೆ ಎಂದು ಬರೆಯುವುದಿಲ್ಲ. ಬರೆದು ನೋಡಿದೆ. ಇಡೀ ಕಥೆ ಆ ಕಡೆಗೇ ವಾಲಿತು. ವಾಲಿದ್ದನ್ನು ಸುಚೇತಾ ಒಪ್ಪುವವಳಲ್ಲ.

೩

ಹತ್ತು ತಿಂಗಳಾದ ಮೇಲೆ ಪ್ರಶಸ್ತಿಯ ಪ್ರಕಟಣೆ ಬಂತು. ಕಪಿಲಾ-ಕಾವೇರಿ ವಾಸ್ತುವಿನ್ಯಾಸ ಪುರಸ್ಕಾರ. ಎರಡು ವಿಭಾಗ: ಒಂದು ವಿದ್ಯಾರ್ಥಿಗಳಿಗೆ, ಇನ್ನೊಂದು ವೃತ್ತಿಯಲ್ಲಿರುವ ಸಂಸ್ಥೆಗಳಿಗೆ. ಸಂಸ್ಥೆಗಳಿಗೆ ಒಂದು ಷರತ್ತು: ಕಳಿಸುವ ನಕ್ಷೆಯೂ ಕಟ್ಟಿದ ಕಟ್ಟಡವೂ ಒಂದೇ ಇರಬೇಕು, ಅದಕ್ಕೆ ಸಹಿ ಮಾಡಿದ ಹೇಳಿಕೆ ಬೇಕು.

ನನ್ನ ಮೊದಲ ಡ್ರಾಫ್ಟು ನೇರ ಸಮಾರಂಭಕ್ಕೇ ಹೋಗಿತ್ತು. ಮೈಸೂರಿನ ಹಾಲು, ಪೇಟ, ಹಾರ, ಫಲಕ. ನಿರೂಪಕಿ ರಘೂತ್ತಮ ಎಂಬ ಹೆಸರಿನಲ್ಲಿ ಎರಡು ಸಲ ಎಡವಿ, ಆಮೇಲೆ 'ದಿವಂಗತ' ಎಂಬಲ್ಲಿ ಮಾತ್ರ ಬಹಳ ಸ್ಪಷ್ಟವಾಗಿದ್ದಳು. ವೇದಿಕೆ ಹತ್ತಲು ಸುಚೇತಾಳನ್ನು ಕರೆದೆ. ಅವಳು ಕುರ್ಚಿಯಿಂದ ಏಳಲಿಲ್ಲ.

"ಅರ್ಜಿನೇ ಹಾಕಿಲ್ಲ, ಪ್ರಶಸ್ತಿ ಹೇಗ್ರೀ ಬಂತು?" ಎಂದಳು.

ನ್ಯಾಯವಾದ ಮಾತು. ಹಾರವನ್ನು ವಾಪಸು ಕೊಟ್ಟು, ಅರ್ಜಿಗೆ ಮೂರು ದಿನ ಇರುವಲ್ಲಿಗೆ ಕಥೆಯನ್ನು ತಂದೆ. ಬುಧವಾರ. ಕೊನೆಯ ದಿನ ಶುಕ್ರವಾರ.

೪

ಬುಧವಾರ ಮಧ್ಯಾಹ್ನ ಮಧುಶ್ರೀ ಆಫೀಸಿನ ಮೆಟ್ಟಿಲು ಹತ್ತಿ ಬಂದಳು. ದೇವನೂರಿನ ಹುಡುಗಿ, ಮೈಸೂರಿನಲ್ಲಿ ಆರ್ಕಿಟೆಕ್ಚರ್ ಕೊನೆಯ ವರ್ಷ. ರಘು ಇದ್ದಾಗ ಇದೇ ಕೋಣೆಯಲ್ಲಿ ಆರು ತಿಂಗಳು ಇಂಟರ್ನ್ ಆಗಿದ್ದವಳು. ವಿದ್ಯಾರ್ಥಿಗಳ ವಿಭಾಗದಲ್ಲಿ, ಕಟ್ಟಿ ಮುಗಿದ ಒಂದು ಕಟ್ಟಡವನ್ನು ಟೇಪು ಹಿಡಿದು ಅಳೆದು ನಕ್ಷೆ ಬರೆಯಬೇಕಿತ್ತು. ಅವಳು ಬಟ್ಟೆಮನೆಯನ್ನು ಆರಿಸಿಕೊಂಡಿದ್ದಳು. ಪ್ರೀತಿಯಿಂದ.

(ಪ್ರೀತಿ ಬಹಳ ನಿಖರವಾಗಿ ಅಳೆಯುತ್ತದೆ. ಅದೇ ತೊಂದರೆ.)

"ಮ್ಯಾಮ್, ಒಂದ್ ಡೌಟು. ನಾನೇ ತಪ್ಪಾಗಿ ಎಣಿಸಿರ್ಬೇಕು."

"ಏನೇ?"

"ಮೆಟ್ಲು. ನಿಮ್ ಡ್ರಾಯಿಂಗಲ್ಲಿ ಎಂಟಿದೆ. ನಂಗೆ ಒಂಬತ್ತು ಬರ್ತಿದೆ. ನಾಲ್ಕು ಸಲ ಹತ್ತಿ ಇಳಿದೆ."

"ಎಂಟೇ ಕಣೇ ಇರೋದು. ನಾನೇ ಲೆಕ್ಕ ಹಾಕಿದ್ದು."

"ಫೋಟೋನೂ ಇದೆ ಮ್ಯಾಮ್."

ಸುಚೇತಾ ಫೋನನ್ನು ಮೇಜಿನ ಮೇಲಿಟ್ಟು, ಪೆನ್ಸಿಲಿನ ತುದಿಯಿಂದ ಒಂದೊಂದೇ ಮೆಟ್ಟಿಲು ಮುಟ್ಟುತ್ತ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಆಮೇಲೆ ಕಪಾಟಿನಿಂದ ಮೂಲ ಹಾಳೆಯನ್ನು ತೆಗೆದು ಹರಡಿದಳು. ಎಂಟು ಗೆರೆ. ಕೆಳಗೆ ಬಲಮೂಲೆಯಲ್ಲಿ ನೀಲಿ ಶಾಯಿಯಲ್ಲಿ ರಘುವಿನ ಸಹಿ. ಕೊನೆಯ ಅಕ್ಷರದ ಬಾಲವನ್ನು ಅವನು ಯಾವಾಗಲೂ ಚೌಕದ ಹೊರಗೆ ಎಳೆದುಬಿಡುತ್ತಿದ್ದ.

ಅವನ ಸಹಿ ಇರುವ ಕೊನೆಯ ನಕ್ಷೆ ಅದು. ಆಮೇಲೆ ಅವನು ಸಹಿ ಹಾಕಿದ್ದು ಒಂದೇ ಕಡೆ, ಆಸ್ಪತ್ರೆಯ ಕಾಗದಕ್ಕೆ. ಅದನ್ನು ಪ್ರಶಸ್ತಿಗೆ ಕಳಿಸಲಾಗುವುದಿಲ್ಲ.

ಈಗ ನಿಮಗೆ ಸಂಕಟ ಗೊತ್ತಾಗಿರಬೇಕು, ಆದರೂ ಬಿಡಿಸಿ ಹೇಳುತ್ತೇನೆ. ರಘುವಿನ ಸಹಿ ಇರುವ ಹಾಳೆ ಕಳಿಸಿದರೆ ಅದು ಸುಳ್ಳು. ನಿಜವಾದ ಒಂಬತ್ತನ್ನು ಹೊಸದಾಗಿ ಬರೆದು ಕಳಿಸಿದರೆ ಸಹಿಯ ಚೌಕದಲ್ಲಿ ಸುಚೇತಾ ಒಬ್ಬಳೇ. ಹತ್ತು ತಿಂಗಳಿಂದ ಅವಳು ಆ ಚೌಕವನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದಾಳೆ. ಹೊಸ ಕೆಲಸ ಒಪ್ಪಿಲ್ಲ. ಬಾಗಿಲ ಬೋರ್ಡಿನ ಧೂಳು ಒರೆಸುತ್ತಾಳೆ, ಅಷ್ಟೇ.

ಮಧುಶ್ರೀ ಹಾಳೆಯನ್ನು ನೋಡಿದಳು, ಸಹಿಯನ್ನು ನೋಡಿದಳು, ಮ್ಯಾಮ್ ಮುಖ ನೋಡಲಿಲ್ಲ.

"ನಾನು ಎಂಟೇ ಬರ್ಕೋತೀನಿ ಬಿಡಿ ಮ್ಯಾಮ್. ಜಡ್ಜ್‌ಗಳೇನು ಇಲ್ಲಿಗ್ ಬಂದು ಹತ್ತಿ ನೋಡ್ತಾರಾ? ರಘು ಸರ್ ಸೈನ್ ಇರೋದೇ ಹೋಗ್ಲಿ."

ಇಲ್ಲಿ ಸುಚೇತಾ ಅತ್ತಳು ಎಂದು ಬರೆದಿದ್ದೆ. ಅವಳು ತಲೆಯೆತ್ತಿ, "ಆ ಸಾಲು ತೆಗೀರಿ" ಎಂದಳು. ತೆಗೆದಿದ್ದೇನೆ. ಮಧುಶ್ರೀಗೆ ಅವಳು ಹೇಳಿದ್ದು ಇಷ್ಟು:

"ಅಳೆದದ್ದನ್ನ ಬದಲಾಯ್ಸಿದ್ರೆ ಕಿವಿ ಹಿಂಡ್ತೀನಿ. ನಾಳೆ ಬೆಳಗ್ಗೆ ಸ್ಕೂಟರ್ ತಗೊಂಡು ಬಾ. ಟಿ. ನರಸೀಪುರಕ್ಕೆ ಹೋಗೋಣ."

೫

(ಈ ಭಾಗವನ್ನು ಹೊಡೆದು ಹಾಕಿದ್ದೆ. ಕಾರಣ, ಇದರಲ್ಲಿ ರಘು ಬದುಕಿದ್ದಾನೆ.)

ರಘು ಸ್ಟೀಲಿನ ಸ್ಕೇಲಿನಿಂದ ಬೆನ್ನು ಕೆರೆದುಕೊಳ್ಳುತ್ತ ಕಿಟಕಿಯ ಹತ್ತಿರ ನಿಂತಿದ್ದಾನೆ. ಮೇಜಿನ ಈ ಕಡೆ ಸುಚೇತಾ, ಆ ಕಡೆ ಮೇಸ್ತ್ರಿ ಬೆಟ್ಟಸ್ವಾಮಿ, ನಡುವೆ ಬಟ್ಟೆಮನೆಯ ನಕ್ಷೆ. ಬೆಟ್ಟಸ್ವಾಮಿ ಬೆರಳಿಟ್ಟು ಮೆಟ್ಟಿಲು ಹತ್ತುತ್ತಿದ್ದಾನೆ.

"ಲಾಭ, ನಷ್ಟ, ಲಾಭ, ನಷ್ಟ... ಎಂಟು. ನೋಡಿ ಮೇಡಮ್ಮ, ಕೊನೆ ಕಾಲು ನಷ್ಟಕ್ ಬೀಳ್ತದೆ. ಒಂಬತ್ ಮಾಡ್ಬುಡಾನ."

"ನಾಲ್ಕಡಿ ಎತ್ತರ, ಆರಿಂಚಿನ ಎಂಟು. ಲೆಕ್ಕ ಸರಿಯಾಗಿದೆ. ಲಾಭ ನಷ್ಟ ನೋಡೋಕೆ ಇದೇನು ಅಂಗಡಿನಾ?"

"ಬೆಸ ಇರ್ಬೇಕವ್ವ. ನಮ್ ತಾತನ ಕಾಲ್ದಿಂದ..."

"ನಿಮ್ ತಾತನ ಜೊತೆ ನಾನ್ ಮಾತಾಡ್ತೀನಿ. ನೀವು ಎಂಟು ಕಟ್ಟಿ."

ಬೆಟ್ಟಸ್ವಾಮಿ ಕಿಟಕಿಯ ಕಡೆ ನೋಡಿದ. "ಸಾ?"

ರಘು ಎರಡೂ ಕೈ ಮೇಲೆತ್ತಿದ. "ಮನೇಲೂ ಇದೇ ಕಣ್ರೀ ಬೆಟ್ಟಸ್ವಾಮಿ. ಎಂಟು ಅಂದ್ರೆ ಎಂಟು." ಪೆನ್ನು ತೆಗೆದು ಸಹಿ ಹಾಕಿದ. ಬಾಲ ಚೌಕದಾಚೆ ಹೋಯಿತು.

"ಒಳಗೇ ಹಾಕೋಕೆ ಏನ್ ಕಷ್ಟ ನಿಂಗೆ?" ಎಂದಳು ಸುಚೇತಾ.

"ಜಾಗ ಸಾಲಲ್ಲ ಕಣೇ. ಹೆಸ್ರು ದೊಡ್ದು."

ಇದರಲ್ಲಿ ಕಥೆಗೆ ಬೇಕಾದ್ದು ಲಾಭ ನಷ್ಟದ ಎರಡು ಸಾಲು. ಉಳಿದದ್ದನ್ನು ಕತ್ತರಿಸಲು ಹೊರಟಾಗ ಸುಚೇತಾ ನನ್ನ ಕೈ ಹಿಡಿದಳು. "ಅದನ್ನ ಇಡಿ" ಎಂದಳು. ಸ್ಕೇಲನ್ನೂ? "ಸ್ಕೇಲನ್ನೂ."

ಇಟ್ಟಿದ್ದೇನೆ.

೬

ಗುರುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಹೋದರು. ದಾರಿಯ ಗದ್ದೆ, ನಾಲೆ, ಕಬ್ಬಿನ ಗಾಡಿ ಎಲ್ಲವನ್ನೂ ಬರೆದಿದ್ದೆ. ಮಧುಶ್ರೀ ಬಹಳ ಜೋರಾಗಿ ಓಡಿಸಿದ್ದರಿಂದ ಯಾವುದೂ ಉಳಿಯಲಿಲ್ಲ.

ಫೋನು ಮಾಡಿದ್ದರಿಂದ ಬೆಟ್ಟಸ್ವಾಮಿ ಮೊದಲೇ ಬಂದು ಬಟ್ಟೆಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಅವನೂ ದೇವನೂರಿನವನೇ. ಮಧುಶ್ರೀಗೆ ಊರಿನ ವರಸೆಯಲ್ಲಿ ಮಾವ. ಇವರನ್ನು ಕಂಡು ಎದ್ದು, ಟವಲಿನಿಂದ ಮೆಟ್ಟಿಲು ಒರೆಸಿದ. ಒರೆಸಿದರೆ ಒಂದು ಕಡಿಮೆಯಾದೀತು ಎಂಬಂತೆ.

"ಬೆಟ್ಟಸ್ವಾಮಿಯವ್ರೇ, ಎಷ್ಟು ಮೆಟ್ಲು ಕಟ್ಟಿದ್ರಿ?"

"ನೀವ್ ಏಳ್ದಂಗೇ ಮೇಡಮ್ಮ."

"ನಾನು ಹೇಳಿದ್ದು ಎಂಟು."

"ಎಂಟೇ ಕಟ್ದೆ. ಇನ್ನೊಂದು ಅದಾಗೇ ಬಂತು."

ಮಧುಶ್ರೀ ನಕ್ಕುಬಿಟ್ಟಳು. "ಅದಾಗೇ ಎಂಗ್ ಬತ್ತದೆ ಮಾವ? ನಡ್ಕೊಂಡಾ?"

"ನೀ ಸುಮ್ಕಿರವ್ವ. ಟೇಪ್ ಇಡ್ಕೊಂಡ್ ಬಂದು ಊರ್ಗೆಲ್ಲಾ ಸಾರ್ಬುಟ್ಟೆ." ಟವಲನ್ನು ಹೆಗಲಿಗೆ ಹಾಕಿಕೊಂಡು ಅವನು ಸುಚೇತಾಳ ಕಡೆ ತಿರುಗಿದ. "ಆರಿಂಚ್ ಇದ್ದದ್ದು ಐದೂ ಚಿಲ್ರೆ ಆಯ್ತು, ಒಂದಡಿ ವೊಳೆ ಕಡೆ ಮುಂದಕ್ ಬಂತು. ಅಷ್ಟೇಯ. ಒದ್ದೆ ಕಾಲಲ್ಲಿ ಅತ್ತೋ ಎಂಗಸ್ರು ಮೇಡಮ್ಮ. ಇಲ್ಲಿಗ್ ಬರೋರಲ್ಲಿ ಅರ್ಧ ಜನ ಕಳ್ಕಂಡೇ ಬಂದಿರ್ತಾರೆ. ಅವ್ರ ಕೊನೆ ಕಾಲ್ನೂ ನಷ್ಟದ್ ಮೇಲೆ ಇಡ್ಸಕ್ಕೆ ನಂಗೆ ಮನಸ್ ಬರ್ಲಿಲ್ಲ."

(ಇದರ ಹಿಂದೆ ಅವನ ಬಾಯಿಗೆ ಇನ್ನೊಂದು ಮಾತು ಹಾಕಿದ್ದೆ, ಬದುಕೇ ಒಂದು ಏಣಿ ಎನ್ನುವ ತರಹದ್ದು. ಅವನು ಓದಿಸಿ ಕೇಳಿಕೊಂಡು, "ನಾನಂಗೆಲ್ಲಾ ಮಾತಾಡಕಿಲ್ಲ ಕಣವ್ವ, ನೀನೇ ಏಳ್ಕೊ" ಎಂದ. ನಾನೂ ಹೇಳಿಕೊಳ್ಳುವುದಿಲ್ಲ.)

ಸುಚೇತಾ ಮೆಟ್ಟಿಲನ್ನೇ ನೋಡುತ್ತಿದ್ದಳು. ಅವಳಿಗೆ ಕೇಳಬೇಕಿದ್ದದ್ದು ಬೇರೆ.

"ರಘುಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನವ್ವ! ಕಾಂಕ್ರೀಟ್ ಆಕಿ ಮೂರ್ ದಿನಕ್ ಬಂದಿದ್ರು. ಎಣಿಸ್ಕೊಂಡ್ ಎಣಿಸ್ಕೊಂಡ್ ಮೇಲಕ್ ಅತ್ತಿದ್ರು. ಮೇಲ್ ನಿಂತ್ಕಂಡು ಇಂಗೆ ನಗಾಡಿದ್ರು." ಬೆಟ್ಟಸ್ವಾಮಿ ಸೊಂಟದ ಮೇಲೆ ಕೈಯಿಟ್ಟು, ಹಿಂದಕ್ಕೆ ಬಾಗಿ ತೋರಿಸಿದ. ಅದು ರಘುವೇ. "'ಬೆಟ್ಟಸ್ವಾಮಿ, ನೀವ್ ಬಾಯಿ ಬಿಡ್ಬೇಡಿ, ಮೇಡಮ್‌ಗೆ ನಾನೇ ಏಳ್ತೀನಿ' ಅಂದ್ರು. ಏಳ್ನಿಲ್ವಾ?"

"ಇಲ್ಲ."

"ಏಳೋರು ಕಣವ್ವ. ಟೇಮ್ ಸಿಕ್ಕಿಲ್ಲ ಅಷ್ಟೇಯ."

ಸುಚೇತಾ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿದಳು.

ಇದು ಅವಳಿಗೆ ಮೊದಲ ಸಲವೇನಲ್ಲ. ರಘುವಿನ ಅಸ್ಥಿಯನ್ನು ಅವನ ಅಣ್ಣ ಇದೇ ಹೊಳೆಯಲ್ಲಿ ಬಿಟ್ಟಿದ್ದರು. ಅವಳು ಮೂರು ಮುಳುಗು ಹಾಕಿ, ಕಾಲಿಗೆ ಸುತ್ತಿಕೊಳ್ಳುವ ಒದ್ದೆ ಸೀರೆಯಲ್ಲಿ, ತಾನೇ ಲೆಕ್ಕ ಹಾಕಿದ ಈ ಮೆಟ್ಟಿಲುಗಳನ್ನು ಹತ್ತಿ ಬಂದು ಒಳಗೆ ಸೀರೆ ಬದಲಾಯಿಸಿದ್ದಳು. ಎಣಿಸಿರಲಿಲ್ಲ. ಆ ದಿನದ ಬಗ್ಗೆ ಅವಳಿಗೆ ನೆನಪಿರುವುದು ಒಂದೇ. ಎಡವಲಿಲ್ಲ.

ಒಂಬತ್ತನೆಯದರ ಮೇಲೆ ನಿಂತು ತಿರುಗಿದಳು. ಕೆಳಗೆ ಬೆಟ್ಟಸ್ವಾಮಿ ಕೈಕಟ್ಟಿಕೊಂಡು ತೀರ್ಪಿಗೆ ಕಾಯುತ್ತಿದ್ದ.

"ನಿಮ್ ತಾತನ ಜೊತೆ ಮಾತಾಡ್ದೆ" ಎಂದಳು ಸುಚೇತಾ. "ಸರಿಯಾಗಿದೆಯಂತೆ."

೭

ಗುರುವಾರ ಸಂಜೆ ನಾನು ಮೂರು ಮುಕ್ತಾಯಗಳನ್ನು ಬರೆದು ಅವಳ ಮೇಜಿನ ಮೇಲಿಟ್ಟೆ.

ಅ) ಸುಚೇತಾ ಹೊಸ ಹಾಳೆಯಲ್ಲಿ ಒಂಬತ್ತು ಬರೆದು ಒಬ್ಬಳೇ ಸಹಿ ಹಾಕುತ್ತಾಳೆ. ಸಂಸ್ಥೆಗಳ ವಿಭಾಗದಲ್ಲಿ ಅವಳಿಗೆ, ವಿದ್ಯಾರ್ಥಿಗಳಲ್ಲಿ ಮಧುಶ್ರೀಗೆ ಮೊದಲ ಬಹುಮಾನ. ಪೇಪರಿನಲ್ಲಿ ಫೋಟೋ. (ನಮ್ಮ ಚಿಕ್ಕಮ್ಮನಿಗೆ ಇದು ಇಷ್ಟವಾಯಿತು.)

ಆ) ಸಹಿ ಇರುವ ಎಂಟನ್ನೇ ಕಳಿಸುತ್ತಾಳೆ. ತೀರ್ಪುಗಾರರು ಎರಡು ವಿಭಾಗದ ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ಕನ್ನಡಕ ಏರಿಸುತ್ತಾರೆ. ಅವಮಾನ, ಪಶ್ಚಾತ್ತಾಪ, ನೀತಿ.

ಇ) ಏನನ್ನೂ ಕಳಿಸುವುದಿಲ್ಲ. ಶುಕ್ರವಾರ ಸುಮ್ಮನೆ ಸಂಜೆಯಾಗುತ್ತದೆ. ಕಾಫಿ ತಣ್ಣಗಾಗುತ್ತದೆ. (ಇದನ್ನು ಕಥಾಸ್ಪರ್ಧೆಗೆ ಕಳಿಸಿದರೆ ನನಗೇ ಬಹುಮಾನ ಬರಬಹುದು.)

ಸುಚೇತಾ ಮೂರನ್ನೂ ಓದಿದಳು. ಅಚ್ಚುಕಟ್ಟಾಗಿ ಜೋಡಿಸಿ ಪಕ್ಕಕ್ಕಿಟ್ಟಳು.

"ಮೂರೂ ನಿಮ್ಮವು" ಎಂದಳು. "ಆ ಕೆಂಪು ಪೆನ್ ಕೊಡಿ ಇಲ್ಲಿ."

೮

ನಕ್ಷೆ ಬರೆಯುವವರಲ್ಲಿ ಒಂದು ಪದ್ಧತಿಯಿದೆ. ಕೆಲಸದ ನಡುವೆ ಏನಾದರೂ ಬದಲಾದರೆ ಹಳೆಯದನ್ನು ಅಳಿಸುವುದಿಲ್ಲ. ಬದಲಾದ ಜಾಗದ ಸುತ್ತ ಮಕ್ಕಳು ಬರೆಯುವಂಥ ಒಂದು ಮೋಡ ಬರೆಯುತ್ತಾರೆ, ಅರ್ಧರ್ಧ ಚಂದ್ರಗಳ ಒಂದು ಸುತ್ತು. ಇಲ್ಲಿ ನೋಡು, ಇಲ್ಲಿ ಬೇರೆಯಾಗಿದೆ ಎಂದು ಅರ್ಥ. ಹಾಳೆಯ ಬದಿಯ ಪಟ್ಟಿಯಲ್ಲಿ ಏನು ಬದಲಾಯಿತು, ಯಾರಿಂದ, ಯಾವಾಗ ಎಂದು ನಮೂದಿಸುತ್ತಾರೆ.

ಶುಕ್ರವಾರ ಬೆಳಿಗ್ಗೆ ಸುಚೇತಾ ರಘುವಿನ ಸಹಿ ಇದ್ದ ಹಾಳೆಯನ್ನೇ ಹರಡಿದಳು. ನಾಲ್ಕು ಮೂಲೆಗೆ ನಾಲ್ಕು ಭಾರ. ಒಂದು, ಆ ಸ್ಟೀಲಿನ ಸ್ಕೇಲು. ಎಂಟು ಗೆರೆಗಳ ಪಕ್ಕದಲ್ಲಿ ಕೆಂಪಿನಲ್ಲಿ ಒಂಬತ್ತು ಗೆರೆ ಎಳೆದಳು. ಪಟ್ಟಿಯಲ್ಲಿ ಬರೆದಳು:

ಬದಲಾವಣೆ: ಮೆಟ್ಟಿಲು ಎಂಟರ ಬದಲು ಒಂಬತ್ತು.
ಮಾಡಿದವರು: ಮೇಸ್ತ್ರಿ ಬೆಟ್ಟಸ್ವಾಮಿ.
ಒಪ್ಪಿದವರು: ರಘೂತ್ತಮ.
ತಿಳಿದವರು: ಸುಚೇತಾ.

'ತಿಳಿದವರು' ಎಂಬ ಅಂಕಣ ಯಾವ ನಕ್ಷೆಯಲ್ಲೂ ಇರುವುದಿಲ್ಲ. ಅವಳೇ ಗೆರೆ ಹಾಕಿ ಮಾಡಿಕೊಂಡಳು. ಅದರ ಮುಂದೆ ಇಂದಿನ ತಾರೀಖು ಹಾಕಿ, ಸಹಿ ಮಾಡಿದಳು. ಹತ್ತು ತಿಂಗಳಲ್ಲಿ ಮೊದಲ ಸಹಿ. ಅದು ಅವನ ಸಹಿಯ ಬಾಲಕ್ಕೆ ತಾಕಿತು. ಅವನದು ಹೊರಗೆ ಬಂದಿತ್ತಲ್ಲ.

ಕೈಯಲ್ಲಿ ತಿದ್ದಿದ ಹಾಳೆಯನ್ನು ತೀರ್ಪುಗಾರರು ಒಪ್ಪುತ್ತಾರೆಯೇ? ಗೊತ್ತಿಲ್ಲ. ಗೊತ್ತಾಗುವ ತನಕ ಬರೆಯಬಹುದು, ಆದರೆ ಆ ಪುಟಗಳಿಗೆ ಬರಲು ಸುಚೇತಾ ಒಪ್ಪಿಲ್ಲ. ಅವಳಿಗೆ ಈಗ ಮೋಡ ಬರೆಯುವ ಕೆಲಸವಿದೆ. ಅರ್ಧಚಂದ್ರ, ಅರ್ಧಚಂದ್ರ, ಮೆಟ್ಟಿಲುಗಳ ಕೆಳಗಿನಿಂದ ಶುರುವಾಗಿ, ಹೊಳೆಯ ಕಡೆಯಿಂದ ಬಳಸಿ, ಮೇಲಿನ ಬಾಗಿಲ ತನಕ. ಅವಸರವಿಲ್ಲ.

ಕೆಳಗೆ ರಸ್ತೆಯಲ್ಲಿ ಮಧುಶ್ರೀ ಸ್ಕೂಟರಿನ ಹಾರನ್ ಹೊಡೆಯುತ್ತಿದ್ದಾಳೆ. ಐದು ಗಂಟೆಯೊಳಗೆ ಎರಡೂ ನಕ್ಷೆ ಮೈಸೂರು ತಲುಪಬೇಕು.

"ಬಂದೆ ಕಣೇ, ತಾಳು!"

ಮೋಡ ಕೂಡಿಕೊಳ್ಳಲು ಇನ್ನೊಂದು ಅರ್ಧಚಂದ್ರ ಬಾಕಿಯಿದೆ. ಪೆನ್ನು ಹಾಳೆಯ ಮೇಲಿದೆ. ನಾನು ಅವಳ ಕೈ ಹಿಡಿದಿಲ್ಲ