ಎರಡನೇ ಪಿಟೀಲಿನ ಕುರ್ಚಿ

ಸೋಮವಾರ ಬೆಳಿಗ್ಗೆ ಪೆಟ್ಟಿಗೆ ತೆಗೆದು, ಪಿಟೀಲನ್ನು ಗಲ್ಲಕ್ಕಾನಿಸಿ ಒಂದು ಸಲ ಕಮಾನು ಎಳೆದಳೋ ಇಲ್ಲವೋ, ತ್ರಿವೇಣಿಯ ಮುಖ ಹುಣಸೆ ಕಚ್ಚಿದಂತಾಯಿತು. ತಂತಿಗಳು ಇಳಿದಿದ್ದವು. ಸುಮ್ಮನೆ ಇಳಿದಿದ್ದರೆ ಬಿಸಿಲಿನ ತಲೆಗೆ ಕಟ್ಟಬಹುದಿತ್ತು. ಹೊಸಪೇಟೆಯ ಬಿಸಿಲು ಏನು ತಾನೇ ಮಾಡುವುದಿಲ್ಲ ಹೇಳಿ! ಆದರೆ ಇವು ಅಚ್ಚುಕಟ್ಟಾಗಿ ಸ-ಪ-ಸ-ಪ ಎಂದು ಕೂತಿದ್ದವು. ಅದು ಕರ್ನಾಟಕ ಸಂಗೀತದವರ ಶ್ರುತಿ. ತ್ರಿವೇಣಿ ನುಡಿಸುವುದು ಪಾಶ್ಚಾತ್ಯ ಸಂಗೀತ, ಅದರ ಶ್ರುತಿಯೇ ಬೇರೆ. ಹೀಗಾಗುತ್ತಿರುವುದು ಇದು ಮೂರನೇ ಸೋಮವಾರ.

"ಬಸು, ನನ್ನ ಪಿಟೀಲು ಯಾರ್ ಮುಟ್ಟಿದ್ರು?" ಎಂದು ಕೇಳಿದಳು.

"ಯಾರ್ ಮುಟ್ತಾರ? ಹವಾ ಬಿಸಿ ಐತಿ, ತಂತಿ ಸಡ್ಲ ಆಗ್ತಾವ," ಎಂದ ಬಸವಕುಮಾರ, ಫೋನಿನಿಂದ ತಲೆಯೆತ್ತದೆ. ತ್ರಿವೇಣಿಯದು ಎರಡನೇ ಪಿಟೀಲು; ಅವನು ಮುಖ್ಯ ಸ್ವರ ನುಡಿಸುವ ಮೊದಲನೇ ಪಿಟೀಲು, ಕಂಪ್ಲಿಯ ರೈಸ್ ಮಿಲ್ಲಿನವರ ಮಗ, ಗುಂಪಿನ ಮುಖಂಡ. ಪಿಟೀಲಿಗಿಂತ ತುಸು ದೊಡ್ಡ ವಯೋಲಾ ನುಡಿಸುವ ಲಲಿತಾ ಆಗಷ್ಟೇ ರಾಳ ಹಚ್ಚಿ ಮುಗಿಸಿದ್ದ ಕಮಾನಿಗೆ ಮತ್ತೆ ರಾಳ ತಿಕ್ಕತೊಡಗಿದಳು. ಆಳೆತ್ತರದ ಚೆಲ್ಲೊ ನುಡಿಸುವ ಕುರೆಕುಪ್ಪದ ಕನಕರಾಜ ಏನೋ ಹೇಳಲು ಬಾಯಿ ತೆರೆದ. ಬಸವಕುಮಾರ ಒಮ್ಮೆ ನೋಡಿದ್ದೇ ತಡ, ಮುಚ್ಚಿದ.

ಓಹೋ! ಮೂರೂ ಜನಕ್ಕೆ ಗೊತ್ತಿದೆ, ತನಗೊಬ್ಬಳಿಗೇ ಗೊತ್ತಿಲ್ಲ.

ಬಸ್ ಸ್ಟ್ಯಾಂಡಿನ ಹಿಂದೆ, ಮುಚ್ಚಿದ ಬಟ್ಟೆ ಅಂಗಡಿಯ ಮೇಲಿನ ಈ ಕೋಣೆಯಲ್ಲಿ ನಾಲ್ವರೂ ಮೂರು ವರ್ಷದಿಂದ ಒಟ್ಟಿಗೆ ನುಡಿಸುತ್ತಿದ್ದರು. ಸ್ಟೀಲ್ ಕಂಪನಿಯವರ ಪಾರ್ಟಿ, ಶ್ರೀಮಂತರ ರಿಸೆಪ್ಷನ್, ಯಾವುದನ್ನೂ ಬಿಟ್ಟವರಲ್ಲ. ಈಗ ಕಮಲಾಪುರದ ದೊಡ್ಡ ಹೋಟೆಲೊಂದು ಇಡೀ ವರ್ಷ ಸಂಜೆ ನುಡಿಸಲು ಕರೆದಿತ್ತು. ಮುಂದಿನ ಮಂಗಳವಾರ ನಾಲ್ಕು ಹೆಸರು ಬರೆದು ಸಹಿ ಹಾಕಬೇಕು. ಇದನ್ನೇ ನೆಚ್ಚಿಕೊಂಡು ತ್ರಿವೇಣಿ ತನ್ನೂರು ಸಂಡೂರಿನಲ್ಲಿ ಸಿಕ್ಕಿದ್ದ ಮೇಷ್ಟರ ಕೆಲಸಕ್ಕೆ ಒಲ್ಲೆ ಎಂದಿದ್ದಳು. ಅವ್ವ ಗಂಗಾಂಬಿಕಾ ಹದಿನೈದು ದಿನ ಮಾತು ಬಿಟ್ಟಿದ್ದಳು. ಈಗ ಈ ಕುರ್ಚಿಯೂ ಹೋದರೆ ಮನೆಗೆ ಯಾವ ಮುಖ ಹೊತ್ತುಕೊಂಡು ಹೋಗುವುದು?

ಸಂಡೂರಿನ ಬಸ್ಸಿನ ನೂಕುನುಗ್ಗಲಿಗೆ ಹೆದರಿ ಅವಳು ಪಿಟೀಲನ್ನು ಇಲ್ಲೇ ಬಿಟ್ಟು ಹೋಗುತ್ತಿದ್ದಳು. ಅವತ್ತು ಎಲ್ಲರೂ ಚಹಾಕ್ಕೆ ಇಳಿದಾಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಇಂಚಿಂಚೂ ನೋಡಿದಳು. ತುದಿಯ ಸುರುಳಿಗೆ ಕೆಂಪು ಧೂಳು ಮೆತ್ತಿತ್ತು. ನಿಂತೋ ಕುರ್ಚಿಯಲ್ಲಿ ಕೂತೋ ನುಡಿಸುವವರ ಪಿಟೀಲಿಗೆ ಅಲ್ಲಿ ಧೂಳು ಎಲ್ಲಿಂದ ಬರಬೇಕು? ನೆಲದ ಮೇಲೆ ಕೂತು, ಸುರುಳಿಯನ್ನು ಪಾದಕ್ಕೆ ಆನಿಸಿಕೊಂಡು ನುಡಿಸುವವರು ಕರ್ನಾಟಕ ಸಂಗೀತದವರು. ಹೊಸಪೇಟೆಯಲ್ಲಿ ಹಾಗೆ ನುಡಿಸುವ ಬಸವಕುಮಾರನ ಗೆಳೆಯ ಒಬ್ಬನೇ, ನಾಗಭೂಷಣ. ಅವನನ್ನು ತನ್ನ ಕುರ್ಚಿಗೆ ತರುತ್ತಿದ್ದಾರೆಯೇ? ಟೂರಿಸ್ಟುಗಳಿಗೆ ದೇಸಿ ಬೆರೆಸಿ ಕೊಟ್ಟರೆ ಚೆಂದ ಎಂದು ಹೋಟೆಲಿನವರು ಹಿಂದೊಮ್ಮೆ ಅಂದದ್ದೂ ನೆನಪಾಯಿತು.

ಆ ವಾರವೆಲ್ಲ ಅವಳು ಮೈಯೆಲ್ಲ ಕಣ್ಣಾಗಿದ್ದಳು. ಬಸವಕುಮಾರ ಫೋನು ಹಿಡಿದು ಹೊರಗೆ ಹೋದರೆ ತನ್ನ ಬಗ್ಗೆಯೇ. ಲಲಿತಾ ಬಂಡ್ರಿಯಿಂದ ಶೇಂಗಾ ಹೋಳಿಗೆ ತಂದು ಎರಡು ಹೆಚ್ಚಿಗೆ ಕೊಟ್ಟರೆ, ಇದು ಬೀಳ್ಕೊಡುಗೆಯ ಊಟ! ಕನಕರಾಜ ಒಂದು ದಿನ ಮೆಟ್ಟಿಲ ಬಳಿ ತಡೆದು, "ತ್ರಿವೇಣಿ, ನಿಂಗೊಂದು ಮಾತು ಹೇಳ್ಬೇಕಿತ್ತು," ಎಂದ. ಕನಿಕರ ತೋರಿಸಲು ಬಂದನಲ್ಲ ಎಂದು ಅವಳಿಗೆ ಮೈ ಉರಿಯಿತು. "ಬಸ್ಸಿಗೆ ಹೊತ್ತಾತು," ಎಂದು ದುಡುದುಡು ಇಳಿದು ಹೋದಳು. ನಿಂತು ಕೇಳಿದ್ದರೆ ಏನಾಗುತ್ತಿತ್ತೋ, ಮಾರಾಯ್ತಿ ನಿಲ್ಲಲಿಲ್ಲ.

ಭಾನುವಾರ ರಜೆ. ಆದರೂ, ಶ್ರುತಿ ಕೆಟ್ಟಿರುವುದು ಸೋಮವಾರಗಳಂದೇ ಎಂದರೆ ಭಾನುವಾರವೇ ಯಾರೋ ಬರುತ್ತಿರಬೇಕು ಎಂದುಕೊಂಡು ಹತ್ತು ಗಂಟೆಗೆ ಹೊಸಪೇಟೆಯಲ್ಲಿ ಇಳಿದಳು. ಮೆಟ್ಟಿಲ ಮೇಲೇ ಕೇಳಿಸಿತು: ಅವಳದೇ ಪಿಟೀಲು, ಅವಳದೇ ಪಾಲಿನ ಸ್ವರಗಳು. ಅರೆ ತೆರೆದ ಬಾಗಿಲಿನಿಂದ ಇಣುಕಿದರೆ ಅವಳ ಕುರ್ಚಿಯಲ್ಲಿ ನಾಗಭೂಷಣ! ಹಾಳೆ ನೋಡಿ ತಡವರಿಸುತ್ತಾ ನುಡಿಸುತ್ತಿದ್ದ. ಬಸವಕುಮಾರ ಅವನ ಭುಜ ತಟ್ಟಿ, "ಮುಂದಿನ ವಾರದಿಂದ ಈ ಕುರ್ಚಿ ನಿಂದ ಲೇ," ಎಂದ.

ಒಳಗೆ ಹೋಗಿ ಕಪಾಳಕ್ಕೆ ಬಿಡಬೇಕೆನ್ನಿಸಿತು. ಬಿಡಲಿಲ್ಲ, ಅಳು ಒತ್ತಿಕೊಂಡು ಬರುತ್ತಿತ್ತು. ಕೆಳಗಿಳಿದವಳೇ ಕಮಲಾಪುರದ ಬಸ್ಸು ಹತ್ತಿದಳು.

ಹೋಟೆಲಿನ ಮ್ಯಾನೇಜರ್ ಹೊನ್ನೂರುಸ್ವಾಮಿ, "ಬರ್ರಿ, ಕುಂದ್ರಿ," ಎಂದರು. ಅವಳು ಕೂರುವ ಮೊದಲೇ ಶುರು ಮಾಡಿದಳು. "ಸರ್, ನಿಮಗ ಮೋಸ ಮಾಡಾಕತ್ಯಾರ. ನೋಟೇಶನ್ ಓದಾಕ ಬರ್ದವನ್ನ ತಂದು ಕುಂದ್ರಸ್ತಾರ. ಈ ಗುಂಪು ಆರು ತಿಂಗ್ಳು ಬಾಳಂಗಿಲ್ರಿ. ನನ್ನ ಹೆಸ್ರು ಮಾತ್ರ ಹೇಳಬ್ಯಾಡ್ರಿ."

"ಛೇ ಛೇ, ಭಾಳ ಉಪಕಾರ ಆತ್ರಿ," ಎಂದರು ಅವರು. ಹಿಂದಿರುಗುವಾಗ ಬಸ್ಸಿನಲ್ಲಿ ಅವಳಿಗೆ ಹೊಟ್ಟೆ ತಣ್ಣಗಾದಂತೆನಿಸಿತು, ಸುಳ್ಳು ಯಾಕೆ ಹೇಳಬೇಕು.

ಮಂಗಳವಾರ ಬಸವಕುಮಾರ ಕೆಂಡವಾಗಿ ಬಂದ. ನೆಟ್ಟಗೆ ಕನಕರಾಜನ ಕಡೆಗೇ ನುಗ್ಗಿದ.

"ಮನಿ ಮುರುಕ! ಹೋಟೆಲ್ನೋರು ಬ್ಯಾಡ ಅಂದುಬಿಟ್ರು. ನಿಮ್ಮೋರೇ ಒಬ್ರು ಬಂದು ಹೇಳ್ಯಾರ ಅಂದ್ರು. ನೀನ ಅಲ್ಲೇನಲೇ?"

"ನಾ ಅಲ್ಲ ಬಸು. ನಮ್ಮವ್ವನಾಣೆ."

"ಮತ್ಯಾರು? ಮುಂಬೈ ಆರ್ಕೆಸ್ಟ್ರಾದಾಗ ನನಗ ಕೆಲ್ಸ ಸಿಕ್ಕೈತಿ ಅಂದ ದಿನದಿಂದ ನೀ ನನ್ಕೂಡ ಜಗಳಕ್ಕ ನಿಂತಿ!"

ತ್ರಿವೇಣಿ ಕಮಾನು ಕೆಳಗಿಟ್ಟಳು. "ಯಾವ ಮುಂಬೈ?" ಎಂದಳು.

ಲಲಿತಾ ಅವಳ ಕೈ ಹಿಡಿದುಕೊಂಡಳು. "ಇವತ್ತು ಸಹಿ ಆದ್ಮ್ಯಾಲೆ ನಿನಗ ಹೇಳೋದಿತ್ತು. ಬಸು ಹೊಂಟಾನ. ಅವನ ಕುರ್ಚಿ ನಿಂದು, ಮೊದಲ್ನೇ ಪಿಟೀಲು. ನಿನ್ನ ಕುರ್ಚಿಗೆ ನಾಗಭೂಷಣ. ಮೊದ್ಲೇ ಸುದ್ದಿ ಹೊರಗ ಬಿದ್ರ ಹೋಟೆಲ್ನೋರು ಕೈ ಬಿಡ್ತಾರ ಅಂತ ಬಾಯಿ ಬಿಡ್ಲಿಲ್ಲ. ಅವನ ಪಿಟೀಲು ಒಡ್ದಿತ್ತು, ಅದಕ್ಕ ನಿಂದು ಕೊಟ್ಟಿದ್ವಿ."

"ಜಗಳ ಮಾಡಿದ್ದು ಯಾಕ ಗೊತ್ತೇನು?" ಎಂದ ಕನಕರಾಜ. "ತ್ರಿವೇಣಿಗೆ ಹೇಳೋಣು, ಆಕಿಗೆ ಹೇಳದಂಗ ಮಾಡೋದು ತಪ್ಪು ಅಂತ."

"ನಾಟಕ ಆಡಬ್ಯಾಡ," ಎಂದು ಬಸವಕುಮಾರ ಇನ್ನೂ ಹರಿಹಾಯ್ದ. ಕನಕರಾಜನ ಅಪ್ಪನನ್ನು ಎಳೆದ, ಕುರೆಕುಪ್ಪವನ್ನು ಎಳೆದ, ಬಾಯಿಗೆ ಬಂದದ್ದನ್ನೆಲ್ಲ ಆಡಿದ. ಕನಕರಾಜ ತಲೆ ತಗ್ಗಿಸಿ ನಿಂತಿದ್ದ. ಕೊನೆಗೆ ಲಲಿತಾಳೂ, "ಹೇಳಿದ್ರ ಹೇಳೀನಿ ಅನ್ನು ಕನಕ, ಮುಗೀಲಿ," ಎಂದಳು.

ಆಗ ತ್ರಿವೇಣಿ, "ಹೇಳಿದ್ದು ನಾನು," ಎಂದಳು.

ಬಸವಕುಮಾರ ಕುರ್ಚಿ ಎಳೆದು ಕೂತ. "ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?" ಎಂದ.

"ಕೇಳಿದ್ನಲ್ಲೋ. ಹವಾ ಅಂದಿ."

ಕನಕರಾಜ ಚೆಲ್ಲೊವನ್ನು ಪೆಟ್ಟಿಗೆಯಲ್ಲಿಟ್ಟು ಒಂದೊಂದೇ ಕೊಂಡಿ ಹಾಕಿದ. ತ್ರಿವೇಣಿ ಎದ್ದು ಹೋಗಿ, "ಕನಕ, ತಪ್ಪಾತು," ಎಂದಳು.

"ಹೋಟೆಲ್ ಹೋದ್ರ ಹೋಗ್ಲಿ," ಎಂದ ಅವನು. "ಇವ ನಮ್ಮಪ್ಪನ್ನ ಬೈಯೋವಾಗ ನೀ ಇಲ್ಲೇ ಕುಂತಿದ್ದಿ."

"ಹೂಂ," ಎಂದಳು.

ಇಕ್ಕಟ್ಟಿನ ಮೆಟ್ಟಿಲು, ದೊಡ್ಡ ಪೆಟ್ಟಿಗೆ. ಅವಳು ಇನ್ನೊಂದು ತುದಿ ಹಿಡಿಯಲು ಬಗ್ಗಿದಳು.

"ಬ್ಯಾಡ ಬಿಡು," ಎಂದ ಕನಕರಾಜ. ಪೆಟ್ಟಿಗೆಯನ್ನು ಎದೆಗವಚಿಕೊಂಡು, ಮುಂದಿನ ಮೆಟ್ಟಿಲು ಕಾಣದೆ ಕಾಲಿನಿಂದ ತಡವಿಕೊಳ್ಳುತ್ತಾ, ಒಬ್ಬನೇ ಇಳಿದು ಹೋದ.