ಪರಿಷ್ಕೃತ ಆವೃತ್ತಿಯಲ್ಲಿ ಮಡಿಲಕ್ಕಿ

ಹಳೇ ರವಿಕೆಗೆ ಹೊಸ ಲೇಸು ಹೊಲಿದು ಹೊಸದೆಂದು ಮಾರುವವರನ್ನು ಹೇಮಶ್ರೀ ಬೇಕಾದಷ್ಟು ಕಂಡಿದ್ದಳು. ಹಾಗಾಗಿ ಯಾವುದನ್ನೇ ಆಗಲಿ, ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡದೆ ನಂಬುವ ಹೆಂಗಸಲ್ಲ ಅವಳು. ಮೈಸೂರಿನ ಅಗ್ರಹಾರದಲ್ಲಿ ತನ್ನ ಟೈಲರ್ ಅಂಗಡಿಗೆ ಎದುರಾಗಿದ್ದ ಮೂಗಯ್ಯನ ಪುಸ್ತಕದಂಗಡಿಯಲ್ಲಿ ಈಗ ಒಂದು ಪುಸ್ತಕವನ್ನೂ ಹಾಗೇ ಹಿಂದೆ ಮುಂದೆ ಮಾಡಿ ನೋಡುತ್ತಿದ್ದಳು.

ಕಂಪ್ಯೂಟರಿನಲ್ಲಿ ಆಟ ಕಟ್ಟುವುದನ್ನು ಕಲಿಸುವ ಪುಸ್ತಕ ಅದು. ಆಟ ಕಟ್ಟುವ ಆ ಸಾಫ್ಟ್‌ವೇರಿಗೆ ಗೇಮ್ ಎಂಜಿನ್ ಅನ್ನುತ್ತಾರೆ. ಬರೆದವರು ಶಿವಪ್ರಕಾಶ್, ಮಂಡಿ ಮೊಹಲ್ಲಾದ ಮಹಡಿಯೊಂದರಲ್ಲಿ ಭಾನುವಾರ ಪಾಠ ಹೇಳುವ ಮೇಷ್ಟ್ರು. ಹೇಮಶ್ರೀ ಅಲ್ಲೇ ಕಲಿತವಳು. ಮೊದಲ ಮುದ್ರಣವನ್ನು ಕೊಂಡು, ಹಾಳೆ ಸಡಿಲವಾಗುವ ತನಕ ಓದಿದ್ದಳು. ಅಷ್ಟರಲ್ಲಿ ಎಂಜಿನ್ ಹೊಸದಾಯಿತು. ಪುಸ್ತಕ ಎಡಗಡೆ ಒತ್ತು ಅಂದ ಗುಂಡಿ ಬಲಗಡೆಗೆ ಹೋಗಿತ್ತು; ಕೆಲವು ಗುಂಡಿಗಳ ಹೆಸರೇ ಬೇರೆಯಾಗಿತ್ತು. ವಿಡಿಯೊ ನೋಡೋಣವೆಂದರೆ ಇಂಗ್ಲಿಷಿನಲ್ಲಿ ಬಡಬಡ ಹೇಳಿ ಮುಗಿಸುತ್ತಿದ್ದರು. ಕನ್ನಡದಲ್ಲಿ ಅವಳ ಕೈಗೆ ಸಿಕ್ಕಿದ್ದು ಇದೊಂದೇ ಪುಸ್ತಕ.

ಅವಳು ಕಟ್ಟುತ್ತಿದ್ದುದು ಚೌಕಾಬಾರ, ಅದೂ ಅವ್ವನಿಗಾಗಿ. ವಾತ ಹಿಡಿದು ಲಕ್ಷ್ಮಮ್ಮನ ಬೆರಳಲ್ಲಿ ಕವಡೆ ನಿಲ್ಲುತ್ತಿರಲಿಲ್ಲ. "ನಾನೇ ಹಾಕ್ತೀನಿ ಕಣವ್ವ" ಅಂದರೆ, "ನಿನ್ನ ಕೈಗುಣ ನಂಗೊತ್ತು, ಬ್ಯಾಡ" ಅನ್ನುತ್ತಿದ್ದಳು. ಫೋನಿನಲ್ಲಾದರೆ ಬೆರಳು ಮುಟ್ಟಿಸಿದರೆ ಸಾಕು, ಕವಡೆ ತಾನೇ ಉರುಳುತ್ತದೆ. ಉರುಳುತ್ತಲೂ ಇತ್ತು. ಎಂಜಿನ್ ಹೊಸದಾದ ಮೇಲೆ ಕವಡೆಗಳು ಗಾಳಿಯಲ್ಲೇ ನೇತುಬಿದ್ದವು. ಹೇಮಶ್ರೀ ಇಡೀ ಆಟವನ್ನು ಪೆನ್‌ಡ್ರೈವಿಗೆ ಹಾಕಿ ಮೇಷ್ಟ್ರ ಕೈಗೆ ಕೊಟ್ಟಳು. "ನೋಡ್ತೀನಿ ಹೇಮಕ್ಕ, ಹೊಸ ಆವೃತ್ತಿ ಬರ್ತಿದೆ, ಅದ್ರಲ್ಲೇ ಉತ್ತರ ಸಿಗುತ್ತೆ" ಅಂದಿದ್ದರು.

ಈಗ ಬಂದಿತ್ತು. ಮೇಲೆ ದಪ್ಪಕ್ಷರದಲ್ಲಿ 'ಪರಿಷ್ಕೃತ ಆವೃತ್ತಿ'.

"ಎಷ್ಟೊತ್ತು ತಿರುವ್ತೀಯಮ್ಮ? ಬದನೆಕಾಯಿ ಆರಿಸ್ದಂಗೆ!" ಅಂದ ಮೂಗಯ್ಯ.

"ಬದನೆಕಾಯಿಗಾದ್ರೆ ಹುಳ ಎಲ್ಲಿರತ್ತೆ ಅಂತ ಗೊತ್ತಾಗುತ್ತೆ ಕಣಣ್ಣ. ಇದ್ಕೆ ಒಳಗೇ ನೋಡ್ಬೇಕು."

ನೋಡಿದಳು. ಅದೇ ಪಾಠ, ಅದೇ ಚಿತ್ರ. ಎಡಗಡೆಯ ಗುಂಡಿ ಇನ್ನೂ ಎಡಗಡೆಯೇ ಇತ್ತು. ಹಳೇ ರವಿಕೆ, ಹೊಸ ಲೇಸು! ಮುಚ್ಚಿಡುವಷ್ಟರಲ್ಲಿ ಕೊನೆಯ ಅಧ್ಯಾಯದ ಮೇಲೆ ಕಣ್ಣು ಬಿತ್ತು. ಅದೊಂದೇ ಹೊಸದು: 'ನಾವೇ ಕಟ್ಟೋಣ ಚೌಕಾಬಾರ.'

ಗುಂಡಿಗಳ ಹೆಸರೆಲ್ಲ ಅಲ್ಲಿ ಸರಿಯಾಗಿದ್ದವು. ಕವಡೆ ಗಾಳಿಯಲ್ಲಿ ನಿಂತರೆ ಏನು ಮಾಡಬೇಕೆಂದೂ ಇತ್ತು. ಅವಳ ಎದೆ ಹಗುರಾಯಿತು. ಕೊಂಡೇಬಿಡೋಣ ಅಂದುಕೊಂಡು ಹಾಳೆ ಮಗುಚಿದಳು.

'ಗೀಟು ಹಾಕಿದ ಮನೆಗೆ ತವರುಮನೆ ಎಂದು ಹೆಸರು. ಅಲ್ಲಿ ಕೂತ ಕಾಯನ್ನು ಯಾರೂ ಕಡಿಯುವಂತಿಲ್ಲ. ತವರಿನಿಂದ ಹೊರಡುವ ಕಾಯಿ ಮಡಿಲಕ್ಕಿಯೆಂದು ಒಂದು ಮನೆ ಹೆಚ್ಚಿಗೆ ನಡೆಯಬಹುದು. ಇದು ಮೈಸೂರು ಭಾಗದ ಪಾರಂಪರಿಕ ನಿಯಮ.'

ಹೇಮಶ್ರೀಯ ಕಿವಿ ಬಿಸಿಯಾಯಿತು. ಮೈಸೂರು ಭಾಗದಲ್ಲಿ ಅಂಥ ನಿಯಮ ಯಾವ ಮನೆಯಲ್ಲೂ ಇರಲಿಲ್ಲ. ತಮ್ಮೂರು ಕಡಕೊಳದ ಜಗುಲಿಯ ಮೇಲೆ, ಸೋಲು ಹತ್ತಿರ ಬಂದಾಗಲೆಲ್ಲ ಲಕ್ಷ್ಮಮ್ಮ ಹೂಡುತ್ತಿದ್ದ ಮೋಸ ಅದು. "ತೌರಿಂದ ಹೊರಡೋಳು ಬರಿ ಮಡಿಲಲ್ಲಿ ಹೋಗ್ತಾಳೇನೇ?" ಅನ್ನುತ್ತಾ ಕಾಯನ್ನು ಒಂದು ಮನೆ ಮುಂದಕ್ಕೆ ತಳ್ಳುತ್ತಿದ್ದಳು. ಅವ್ವ ನಗಲೆಂದು ಹೇಮಶ್ರೀ ಅದನ್ನೂ ತನ್ನ ಆಟದೊಳಗೆ ಸೇರಿಸಿದ್ದಳು. ಪುಸ್ತಕದಲ್ಲಿ ಲಕ್ಷ್ಮಮ್ಮನ ಹೆಸರು ಎಲ್ಲೂ ಇರಲಿಲ್ಲ. ಹೇಮಶ್ರೀಯದೂ ಇರಲಿಲ್ಲ.

ಅಲ್ಲಿಂದಲೇ ಮೇಷ್ಟ್ರಿಗೆ ಫೋನು ಮಾಡಿದಳು.

"ಹೇಳಿ ಹೇಮಕ್ಕ, ಪುಸ್ತಕ ನೋಡಿದ್ರಾ?"

"ನೋಡ್ದೆ ಸಾರ್. ಕೊನೇ ಪಾಠ ನಮ್ಮನೇಲಿ ನೋಡ್ದಂಗಿತ್ತು."

ಅತ್ತ ಕಡೆ ನಗು. "ಚೌಕಾಬಾರ ನಮ್ಮ ಮಣ್ಣಿನ ಆಟ ಕಣ್ರೀ. ಯಾರಪ್ಪನ ಸ್ವತ್ತು?"

"ಚೌಕಾಬಾರ ಯಾರಪ್ಪನ ಸ್ವತ್ತೂ ಅಲ್ಲ. ಮಡಿಲಕ್ಕಿ ನಮ್ಮವ್ವನ ಸ್ವತ್ತು."

"ಅದು ಪಾರಂಪರಿಕ ನಿಯಮ ಅಲ್ವಾ..."

"ಪಾರಂಪರಿಕನೂ ಇಲ್ಲ, ಪುಳಿಯೋಗರೆನೂ ಇಲ್ಲ! ನಮ್ಮವ್ವ ಸೋಲೋಕಾಗ್ದೆ ಮಾಡ್ತಿದ್ದ ಮೋಸ ಅದು. ಕೇಳಿದ್ರೆ ನಾನೇ ಹೇಳ್ತಿದ್ದೆ. ರಿಪೇರಿಗೆ ಅಂತ ಕೊಟ್ಟದ್ದನ್ನ ಅಚ್ಚು ಹಾಕ್ಸ್ಬುಟ್ರಲ್ಲ ಸಾರ್!"

ಮೇಷ್ಟ್ರು ದನಿ ತಗ್ಗಿಸಿದರು. "ಬೇಜಾರಾಗ್ಬೇಡಿ. ನಿಮಗೊಂದು ಪ್ರತಿ ಉಚಿತವಾಗಿ ಕೊಡ್ತೀನಿ."

"ನನ್ನ ಸೀರೇನ ಕದ್ದು ನಂಗೇ ಉಡುಗೊರೆ ಕೊಡ್ತೀರಾ? ನೀವೇ ಉಟ್ಕೊಳಿ!"

ಕವಡೆ ಉರುಳಿಸುವ ಉಪಾಯದ ಪಾಠ ಕೈಯಲ್ಲೇ ತೆರೆದಿತ್ತು. ನಿಂತಲ್ಲೇ ಓದಿಕೊಂಡು ಹೋಗಬಹುದಿತ್ತು, ಮೂಗಯ್ಯ ಬೇಡ ಅನ್ನುತ್ತಿರಲಿಲ್ಲ. ಹೇಮಶ್ರೀ ಪುಸ್ತಕವನ್ನು ಪಟ್ಟನೆ ಮುಚ್ಚಿ ಅವನ ಮುಂದೆ ಹಾಕಿದಳು.

"ಬ್ಯಾಡ್ವಾ?"

"ಬ್ಯಾಡ."

ಮನೆಗೆ ಬಂದಾಗ ಲಕ್ಷ್ಮಮ್ಮ ಫೋನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು. "ಸರಿಹೋಯ್ತೇನೇ ಆಟ?"

ಹೇಮಶ್ರೀ ಎಲ್ಲ ಹೇಳಿದಳು. ಮುದುಕಿಯ ಮುಖ ಅರಳಿತು. "ನನ್ನ ಮಡಿಲಕ್ಕಿ ಬುಕ್ಕಲ್ಲಿ ಬಂದೈತಾ? ತರೋದಲ್ವೇನೇ ಮತ್ತೆ, ಮುಕ್ಕ!"

"ನಿನ್ನ ಹೆಸರಿಲ್ಲ ಕಣವ್ವ."

"ಎಲ್ಲೂ?"

"ಎಲ್ಲೂ ಇಲ್ಲ. ಊರೋರೆಲ್ಲ ಹಿಂಗೇ ಆಡ್ತಾರೆ ಅಂತ ಬರ್ದವ್ರೆ."

ಲಕ್ಷ್ಮಮ್ಮ ಫೋನನ್ನು ಪಕ್ಕಕ್ಕೆ ಸರಿಸಿದಳು. "ಚೌಕ ಬರಿ. ನೀನೇ ಹಾಕು ಕವಡೆಯ" ಅಂದಳು.

ಹೇಮಶ್ರೀ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ನೆಲದ ಮೇಲೆ ಮನೆಗಳನ್ನು ಬರೆದು, ಅವ್ವನ ಕಾಯನ್ನು ತವರುಮನೆಯಲ್ಲಿಟ್ಟು, ಕವಡೆ ಎಸೆದಳು. ಮೂರು ಬಿತ್ತು. ಲಕ್ಷ್ಮಮ್ಮ ಸೊಟ್ಟ ಬೆರಳಿಂದ ಕಾಯನ್ನು ತಳ್ಳಿದಳು. ಮೂರೇ ಮನೆ ತಳ್ಳಿ ಕೈ ತೆಗೆದಳು.

"ಯಾಕವ್ವ, ಮಡಿಲಕ್ಕಿ ಬ್ಯಾಡ್ವಾ?"

"ಊರೋರೆಲ್ಲ ಹೊತ್ಕೊಂಡೋಗ್ಬುಟ್ರಲ್ಲ, ನಂಗೆಲ್ಲಿ ಉಳೀತು," ಅಂದಳು ಲಕ್ಷ್ಮಮ್ಮ. "ನೀನಾಡು."