ಮಾತ್ರೆ ಬಿಡಿಸಿದ ಎಣ್ಣೆ

ಮಗಳು ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದಳು. ತಾಯಿ ಹೊಲಿಗೆ ಯಂತ್ರದಿಂದ ಕಾಲು ತೆಗೆದು ನೋಡಿದಳು. ಎಲ್ಲರೂ ಚೂಟಿ ಎಂದು ಕರೆಯುವ, ಒಂದು ಗಳಿಗೆ ಕೂತಲ್ಲಿ ಕೂರದ ಹುಡುಗಿ ಇದು. ಫಿಟ್ಸ್ ಮಾತ್ರೆಯಿಂದ ಇಷ್ಟು ನಿದ್ದೆ ಎಂದೂ ಬಂದಿರಲಿಲ್ಲ. ಮಾತ್ರೆ ಕೊಡುವುದು ಗಂಡನ ಕೆಲಸ. ಅನುಮಾನ ಬಂದು ಕಪಾಟು ತೆರೆದರೆ, ಮಾತ್ರೆಗಳು ಹೋದ ವಾರ ಇದ್ದಷ್ಟೇ ಇದ್ದವು. ಹಿಂದೆ ಚೀಟಿಯಿಲ್ಲದ ಒಂದು ಕಂದು ಶೀಸೆ.

ಗಂಡ ಎಲೆಕ್ಟ್ರಿಷಿಯನ್. ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿದ: ಗಾಂಜಾ ಎಣ್ಣೆ, ಬಣ್ಣದ ಅಂಗಡಿಯ ಸ್ನೇಹಿತ ಕೊಟ್ಟದ್ದು, ಗಿಡದ್ದು, ಮಾತ್ರೆಯಂತೆ ಕೆಮಿಕಲ್ ಅಲ್ಲ. "ವಾರದಿಂದ ಫಿಟ್ಸ್ ಬಂದಿದೆಯೇನೇ? ಎಷ್ಟು ತಣ್ಣಗೆ ಕೂತಿದಾಳೆ ನೋಡು."

"ತಣ್ಣಗೆ ಕೂತಿಲ್ಲ ಕಣ್ರೀ, ಮಂಕು ಬಡಿದು ಕೂತಿದಾಳೆ."

ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬದನೆಕಾಯಿ ಕೊಳ್ಳುವಾಗಲೂ ತಿರುಗಿಸಿ ಮುರುಗಿಸಿ ನೋಡುವ ಮನುಷ್ಯ, ಮಗಳ ಬಾಯಿಗೆ ಬಿಡುವ ಎಣ್ಣೆಯ ಬಗ್ಗೆ ಒಂದು ಮಾತು ಕೇಳಿರಲಿಲ್ಲ. ಪಕ್ಕದ ಮನೆಯ ನರ್ಸಕ್ಕನನ್ನು ಕರೆತಂದಳು.

ನರ್ಸಕ್ಕ ಮೊದಲು ಡಾಕ್ಟರಿಗೆ ಫೋನ್ ಮಾಡಿದಳು. ಈಗಲೇ ಕರೆತನ್ನಿ ಎಂದರು. ತಾಯಿ ಮಗಳಿಗೆ ಸ್ವೆಟರ್ ಹಾಕುವಷ್ಟರಲ್ಲಿ ನರ್ಸಕ್ಕ ಗಂಡನಿಗೆ ಬಿಡಿಸಿ ಹೇಳಿದಳು. ನರಕೋಶಗಳ ಮೈಮೇಲೆ ಪುಟ್ಟ ಬಾಗಿಲುಗಳಿವೆ. ಉಪ್ಪಿನ ಕಣಗಳು ಅವುಗಳಲ್ಲಿ ಓಡಾಡುವುದರಿಂದಲೇ ನರದಲ್ಲಿ ಸಂದೇಶ ಹರಿಯುತ್ತದೆ. ಆ ಓಡಾಟ ಹದತಪ್ಪಿ, ಕೋಶಗಳೆಲ್ಲ ಒಟ್ಟಿಗೇ ಮಿಡಿದರೆ ಫಿಟ್ಸ್. ಚೂಟಿಯ ಮಾತ್ರೆ ಆ ಬಾಗಿಲುಗಳನ್ನು ಹಿಡಿತದಲ್ಲಿಡುತ್ತದೆ. ಕೋಶಗಳ ಮೇಲೆ ಗ್ರಾಹಕಗಳೆಂಬ ಪುಟ್ಟ ಪೀಠಗಳೂ ಇವೆ. ದೇಹವೇ ತಯಾರಿಸುವ ಗಾಂಜಾದಂಥ ವಸ್ತು ಅಲ್ಲಿ ಕೂತು ಸಂದೇಶದ ಅಬ್ಬರ ತಗ್ಗಿಸುತ್ತದೆ. ಗಾಂಜಾದಲ್ಲಿ ಅಮಲೇರಿಸುವ ಟಿಎಚ್‌ಸಿ ಆ ಜಾಗ ಹಿಡಿದರೆ ಮಂಪರು, ಮರೆವು, ತಲೆಸುತ್ತು. ಸಿಬಿಡಿ ಎಂಬ ಇನ್ನೊಂದು ಅಂಶ ಅಲ್ಲಿ ಅಷ್ಟಾಗಿ ಕೂರದೆ, ಕೆಲವು ಬಾಗಿಲುಗಳ ಮೇಲೆ ಕೆಲಸ ಮಾಡುತ್ತದೆ.

"ನಾನೂ ಅದನ್ನೇ ಹೇಳಿದ್ದು," ಎಂದ ಗಂಡ. "ಸಿಬಿಡಿ ಫಿಟ್ಸ್‌ಗೆ ಔಷಧಿ ಅಂತ ಫೋನಲ್ಲಿ ತೋರಿಸ್ತಾರೆ."

ನರ್ಸಕ್ಕ ಹಣೆ ಒತ್ತಿಕೊಂಡಳು. ಕೆಲವು ಬಗೆಯ ಫಿಟ್ಸ್‌ಗೆ ಡಾಕ್ಟರು ಅದನ್ನು ಕೊಡುವುದುಂಟು. ಶುದ್ಧ ಮಾಡಿದ್ದನ್ನು, ಮಗುವಿನ ತೂಕಕ್ಕೆ ತಕ್ಕಂತೆ ಅಳೆದು, ರಕ್ತ ಪರೀಕ್ಷೆ ಮಾಡಿಸುತ್ತ, ಸಾಮಾನ್ಯವಾಗಿ ಬೇರೆ ಮಾತ್ರೆಗಳ ಜೊತೆಗೇ. "ಈ ಶೀಸೇಲಿ ಯಾವುದು ಎಷ್ಟಿದೆ, ಹೇಳು ತಮ್ಮಾ."

ಅವನು ಸ್ನೇಹಿತನಿಗೆ ಫೋನ್ ಮಾಡಿದ. ಯಾರೋ ದೊಡ್ಡ ಕ್ಯಾನಿನಿಂದ ತುಂಬಿಸಿ ಕೊಟ್ಟದ್ದು, ಒಳಗೇನಿದೆಯೋ ಗೊತ್ತಿಲ್ಲ, ತಾನಂತೂ ಮಂಡಿಗೆ ಹಚ್ಚಿಕೊಳ್ಳುವುದು ಎಂದಿತು ಆ ಕಡೆಯ ದನಿ.

ಹೆಂಡತಿ ಶೀಸೆಯನ್ನು ಚೀಲಕ್ಕೆ ಹಾಕಿಕೊಂಡು, ಮಗಳನ್ನು ಎತ್ತಿಕೊಂಡು ಹೊರಟಳು. ಬೈಯಲು ಶುರುಮಾಡಿದ್ದರೆ ಬೆಳಗಾದರೂ ಮುಗಿಯುತ್ತಿರಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಿದ್ದಾಗಲೇ ಚೂಟಿಯ ಕೈ ಸೆಟೆಯಿತು, ಕಣ್ಣಾಲಿ ಮೇಲಾಯಿತು. ಡಾಕ್ಟರು ಓಡಿಬಂದರು, ಸೂಜಿಮದ್ದು ಕೊಟ್ಟರು. ಮಾತ್ರೆ ತಟ್ಟನೆ ಬಿಟ್ಟರೆ ಹೀಗಾಗಬಹುದು, ಮನೆಯಲ್ಲಾಗಿದ್ದರೆ ಕಷ್ಟವಿತ್ತು ಎಂದರು. ಹುಡುಗಿ ಕಣ್ಣು ತೆರೆಯುವವರೆಗೂ ಗಂಡ ಗೋಡೆಗೊರಗಿ ನಿಂತೇ ಇದ್ದ.

"ಇನ್ಮೇಲೆ ಮಾತ್ರೆ ತಪ್ಪದೆ ಕೊಡ್ತೀನಿ," ಎಂದ ಕೊನೆಗೆ.

"ಕೊಡಿ. ನಾನು ಪಕ್ಕದಲ್ಲೇ ನಿಂತಿರ್ತೀನಿ," ಎಂದಳು ಅವಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಫಿಟ್ಸ್ ಇರುವ ಮಗುವಿದ್ದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಯಾರೋ ಕೊಟ್ಟ ಎಣ್ಣೆ, ಪುಡಿ, ಹನಿ ಏನೇ ಇರಲಿ, ಮಗುವಿನ ಬಾಯಿಗೆ ಹೋಗುವ ಮೊದಲು ಡಾಕ್ಟರ ಮೇಜಿಗೆ ಹೋಗಲಿ. ಈಗಾಗಲೇ ಕೊಟ್ಟಿದ್ದರೆ, ಬೈಸಿಕೊಳ್ಳಬೇಕಲ್ಲ ಎಂದು ಮುಚ್ಚಿಡಬೇಡಿ. ಇವತ್ತೇ ಹೋಗಿ ಬೈಸಿಕೊಂಡು ಬನ್ನಿ.